ಉಣ್ಣಲು ಬಾರದ ಮುಯ್ಯಾಳು

ಹುಣಸೆಮರದ ಹತ್ತಿರ ಯಾರೋ ಹೆಸರು ಹಿಡಿದು ಕರೆದರು ಎಂದು ಯಾರಾದರೂ ಕತೆ ಶುರು ಮಾಡಿದರೆ, ಆಗ ಗಾಳಿ ಎಷ್ಟಿತ್ತು, ನೀವು ಊಟ ಮಾಡಿದ್ದಿರಾ ಎಂದು ಕೇಳುವ ಸ್ವಭಾವ ನನ್ನದು. ಅಳೆಯಲು ಬಾರದ್ದನ್ನು ಬರೆಯಬಾರದು ಎಂಬುದು ನಮ್ಮ ಕಟ್ಟಡ ಸಂಶೋಧನಾ ತಂಡದ ಮೊದಲ ಪಾಠ. ಈಗ ನಾನು ದೆವ್ವ ಭೂತ ನಂಬತೊಡಗಿದ್ದೇನೆ ಎಂದುಕೊಳ್ಳಬೇಡಿ. ಆದರೆ ಕೆಲವು ವರ್ಷಗಳ ಹಿಂದೆ ಉಟಗಿಯಲ್ಲಿ ಕಳೆದ ಒಂದು ಸಂಜೆಯನ್ನು ಯಾವ ಲೆಕ್ಕಕ್ಕೆ ಹಾಕಬೇಕೋ ನನಗೆ ತಿಳಿದಿಲ್ಲ.

ನಮ್ಮ ವಿಶ್ವವಿದ್ಯಾಲಯದ ತಂಡ ಜತ್ತ ತಾಲೂಕಿನ ಮಣ್ಣಿನ ಮಾಳಿಗೆಯ, ಅಂದರೆ ಸಪಾಟು ಮಣ್ಣಿನ ಛಾವಣಿಯ, ಮನೆಗಳು ಬಿಸಿಲಲ್ಲೂ ಹೇಗೆ ತಂಪಾಗಿರುತ್ತವೆ ಎಂದು ಅಭ್ಯಾಸ ಮಾಡುತ್ತಿತ್ತು. ಉಟಗಿಯ ಗೌರವ್ವ ತಮ್ಮ ಹಳೆಯ ಮಾಳಿಗೆ ತೆಗೆಸಿ ತಗಡಿನ ಪತ್ರಾಸು ಹೊದಿಸಲು ಹೊರಟಿದ್ದರು. ಬೆನ್ನು ಹತ್ತಿ ಮತ್ತೆ ಮಣ್ಣಿನದನ್ನೇ ಹಾಕಲು ಒಪ್ಪಿಸಿದವರು ನಾವು. ಅವರಿಗೆ ಅವಸರವಿತ್ತು. ಮಗಳು ಶಾಂತಾ ಚೊಚ್ಚಲ ಬಸುರಿ, ಬಾಣಂತನಕ್ಕೆ ತವರಿಗೆ ಬರಬೇಕು. ಸೋನ್ಯಾಳದ ಬೀಗರು ಮಾತ್ರ, ಮನೆ ಸೋರುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆಯೇ ಸೊಸೆಯನ್ನು ಕಳಿಸುವುದು ಎಂದಿದ್ದರು. ಮಾಳಿಗೆ ಬಡಿಯುವ ದಿನದ ಮರುದಿನವೇ ಅವರು ನೋಡಲು ಬರುವವರಿದ್ದರು.

ಮಾಳಿಗೆ ಬಡಿಯುವುದು ಮುಯ್ಯಿ ಕೆಲಸ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕೂಲಿ ಇಲ್ಲ, ಹೋಳಿಗೆ ಊಟ. ಬಂದ ಮುಯ್ಯಾಳುಗಳೆಲ್ಲ ಉಂಡ ಮೇಲೆಯೇ ಮನೆಯವರು ಹೋಳಿಗೆ ಮುಟ್ಟಬೇಕು. ಅಂದು ಗಂಡಸರು ಹೆಂಗಸರು ಸಾಲಾಗಿ ಕೂತು ಹಾಡುತ್ತ ಕಟ್ಟಿಗೆಯ ಕೊಡತಿಯಿಂದ ಒದ್ದೆ ಮಣ್ಣು ಬಡಿಯುತ್ತಿದ್ದರು. ಎರಡು ಹಗುರ ಪೆಟ್ಟು, ಒಂದು ಬಿರುಸು. ನಾನೂ ಒಂದು ಕೊಡತಿ ಹಿಡಿದೆ. ಅಕ್ಕಾರು ಮಣ್ಣು ಬಡಿಯುತ್ತಿದ್ದಾರೋ, ಜೋಗುಳ ಹಾಡಿ ಮಲಗಿಸುತ್ತಿದ್ದಾರೋ ಎಂದು ಪಕ್ಕದವರು ನಗಾಡಿದರು.

ಎಡವಟ್ಟು ಮಾಡಿದ್ದು ನಾವೇ, ಓದಿದವರು. ಬಾಣಂತಿ ಮಲಗುವ ಕೋಣೆಯ ಶಾಖ ಅಳೆಯಬೇಕೆಂದು ನಮ್ಮ ಸರ್ ಅಲ್ಲಿ ಮಾಳಿಗೆಯ ಒಳಗೇ ಒಂದು ವೈರು ಹೂಳಲು ಹೊರಟರು. ಆ ಮೂಲೆಯನ್ನಷ್ಟು ಬಡಿಯದೆ ಬಿಡಿ, ಕೊನೆಗೆ ನೋಡೋಣ ಎಂದರು. ವೈರು ಸರಿಯಾಗಿ ಕೂರುವುದರೊಳಗೆ ಎಲ್ಲಿತ್ತೋ ಅಡ್ಡಮಳೆ, ಗುಡುಗು ಮಿಂಚು ಕಟ್ಟಿಕೊಂಡೇ ಬಂತು. ಕೊಡತಿಗಳ ಸಮೇತ ಎಲ್ಲರೂ ಇಳಿದು ಪಡಸಾಲೆ ಸೇರಿದೆವು.

ಬಡಿಯದ ಮಣ್ಣು ಎಷ್ಟು ಹೊತ್ತು ತಡೆದೀತು? ಗೌರವ್ವ ಕೋಣೆಯಲ್ಲಿ ಪಾತೇಲಿ ಇಟ್ಟು ಮೇಲೆ ನೋಡುತ್ತ ನಿಂತರು. ಅಷ್ಟರಲ್ಲಿ ಮೇಲಿಂದ ಸದ್ದು ಕೇಳಿಸಿತು. ಎರಡು ಹಗುರ, ಒಂದು ಬಿರುಸು.

ನಾವು ತಲೆ ಎಣಿಸಿದೆವು. ಬಂದವರೆಲ್ಲ ಒಳಗೇ ಇದ್ದರು. ಕೊಡತಿಗಳೆಲ್ಲ ಗೋಡೆಗೆ ಒರಗಿದ್ದವು. ಗೋಡೆಯ ಮೇಲೆ ಕೈ ಇಟ್ಟು ನೋಡಿದೆ. ಪ್ರತಿ ಪೆಟ್ಟೂ ಅಂಗೈಗೆ ತಾಕುತ್ತಿತ್ತು. ನನಗೆ ಭಯವಾಯಿತು ಎಂದು ಹೇಳಲು ನಾಚಿಕೆಯೇನಿಲ್ಲ. ಸಿಡಿಲಿನ ನೆಪ ಹೇಳಿ ಗಂಡಸರು ಯಾರೂ ಮೇಲೆ ಹತ್ತಲಿಲ್ಲ. ಗೌರವ್ವ ಮಾತ್ರ ತಲೆಗೆ ಗೋಣಿಚೀಲ ಹಾಕಿಕೊಂಡು ಬಾಗಿಲಿಗೆ ಹೋಗಿ ಕೂಗಿದರು. "ಯಾರ ಇದ್ರೂ ಸಾಕ ಮಾಡ್ರಿ ಯಪ್ಪಾ, ಇಳದ ಬರ್ರಿ. ಹೋಳಗಿ ಆರಾಕತ್ತಾವ."

ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಭಯ ಅರ್ಧ ಅಲ್ಲೇ ಹೋಯಿತು. ಮೇಲಿನವರೇನೂ ಇಳಿಯಲಿಲ್ಲ, ಪೆಟ್ಟೂ ನಿಲ್ಲಲಿಲ್ಲ. ಆಗ ಒಬ್ಬರು ಆ ಪೆಟ್ಟಿಗೇ ಸರಿಯಾಗಿ ಹಾಡು ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು. ಆ ಪಡಸಾಲೆಯಲ್ಲಿ ಮಳೆ, ಹಾಡು, ಏಲಕ್ಕಿಯ ವಾಸನೆ ಎಲ್ಲ ಸೇರಿ ಆದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ. ಮಳೆ ನಿಂತಾಗ ಸದ್ದೂ ನಿಂತಿತು. ಪಾತೇಲಿಯಲ್ಲಿ ಒಂದು ಹನಿ ಇರಲಿಲ್ಲ.

ಬೆಳಗಾದ ಮೇಲೆ ಹತ್ತಿ ನೋಡಿದೆವು. ಆ ಮೂಲೆ ಉಳಿದ ಮಾಳಿಗೆಗಿಂತ ನುಣ್ಣಗಿತ್ತು. ನಮ್ಮ ವೈರನ್ನು ಯಾರೋ ಕಿತ್ತು, ನೀಟಾಗಿ ಸುರುಳಿ ಸುತ್ತಿ ಮಾಳಿಗೆಯ ಅಂಚಿನ ಕುಂಬಿಯ ಮೇಲೆ ಇಟ್ಟಿದ್ದರು. ಅಷ್ಟು ಮಳೆ ಹೊಡೆದರೂ ಗೋಡೆ ಒಣಗಿರುವುದನ್ನು ನೋಡಿ ಬೀಗರು ಹಿಗ್ಗಿದರು. ಅದೇ ವಾರ ಶಾಂತಾ ತವರಿಗೆ ಬಂದಳು. ಆ ಕೋಣೆಯಲ್ಲೇ ಹೆಣ್ಣು ಹಡೆದಳು.

ಮಳೆಯ ಹೊಡೆತಕ್ಕೇ ಮಣ್ಣು ಕೂತಿದೆ ಎಂದು ಸರ್ ಈಗಲೂ ವಾದಿಸುತ್ತಾರೆ. ಮಳೆ ವೈರು ಸುತ್ತುತ್ತದೆಯೇ ಸರ್ ಎಂದರೆ ಚಹಾ ತರಿಸುತ್ತಾರೆ. ಊರಲ್ಲಿ ಕೆಲವರು ಅದು ಯಾರೋ ಸಿದ್ಧರು ಎನ್ನುತ್ತಾರೆ, ಕೆಲವರು ಗೌರವ್ವನ ಮಾವ, ಈ ಮನೆ ಕಟ್ಟಿಸಿ ತೀರಿಕೊಂಡವರು ಎನ್ನುತ್ತಾರೆ.

ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಗೌರವ್ವ ಊರಿಗೆಲ್ಲ ಹೋಳಿಗೆ ಬಡಿಸಿ, ಕೊನೆಗೆ ಸಾರು ಅನ್ನ ಹಾಕಿಕೊಂಡು ನನ್ನ ಪಕ್ಕ ಕೂತರು. ಮೊಮ್ಮಗಳ ಹೋಳಿಗೆ ನೀವೇ ಬಿಟ್ಟರೆ ಹೇಗೆ ಎಂದು ಕೇಳಿದೆ.

"ಹ್ಯಾಂಗ ತಿನ್ನಲ್ರಿ ಅಕ್ಕಾರ," ಎಂದರು, ಸಹಜವಾಗಿ. "ಮುಯ್ಯಾಳೊಬ್ಬರು ಉಣ್ಣೂದು ಇನ್ನೂ ಬಾಕಿ ಐತಿ."