ಕರೆಂಟು ಕುಗ್ಗಿದರೆ ಹಾಡುವ ಗಿಟಾರು

ನಮ್ಮ ಆರ್ಕೆಸ್ಟ್ರಾದ ಮಾಸ್ತರರು ಕೀಬೋರ್ಡ್ ನುಡಿಸುತ್ತಿದ್ದರು. ಅದರಲ್ಲಿ ಗಿಟಾರಿನ ದನಿ ಬರುವ ಗುಂಡಿಯೊಂದಿತ್ತು. ಅದನ್ನು ಒತ್ತಿದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದರು. ಕುಷ್ಟಗಿಯ ಮದುವೆಗೆ ಹೊರಡುವಾಗ ಬಾಯಿಬಿಟ್ಟೇ ಹೇಳಿದರು: “ತಮ್ಮಾ, ಈ ಸಲ ನಿನ್ನ ಗಿಟಾರ್ ಮೈ ಝುಂ ಅನ್ನಂಗ ಒದರಬೇಕು ನೋಡು. ಇಲ್ಲಂದ್ರ ಮುಂದಿನ ಪ್ರೋಗ್ರಾಮಿಗೆ ನೀ ಬರೂದು ಬ್ಯಾಡ, ಗುಂಡಿ ಸಾಕು.”

ಒದರಿಸುವ ಉಪಾಯ ನನಗೆ ಗೊತ್ತಿತ್ತು. ಕೊಪ್ಪಳದ ಮೈಕ್‌ಸೆಟ್ ಅಂಗಡಿಯಿಂದ ತಂದ ನನ್ನ ಆಂಪ್ಲಿಫೈಯರ್ ಹಳೇ ಕಾಲದ್ದು, ಒಳಗೆಲ್ಲ ಗಾಜಿನ ವಾಲ್ವುಗಳು. ಯಲಬುರ್ಗಾ ಹತ್ತಿರದ ನಮ್ಮೂರಲ್ಲಿ ಮಧ್ಯಾಹ್ನ ತ್ರೀಫೇಸ್ ಬಂದು ಹೊಲದ ಪಂಪ್‌ಸೆಟ್ಟೆಲ್ಲ ಒಮ್ಮೆಲೇ ಶುರುವಾದರೆ ಮನೆಯ ಬಲ್ಬು ಕೆಂಪಗಾಗುತ್ತಿತ್ತು. ಆಗ ಮಾತ್ರ ಈ ಡಬ್ಬಿ ಹೊಟ್ಟೆಯೊಳಗಿಂದ ದನಿ ತೆಗೆಯುತ್ತಿತ್ತು. ದಪ್ಪನೆಯ, ಬೆಲ್ಲದ ಪಾಕದಂತೆ ಎಳೆ ಬಿಡುವ ದನಿ. “ಎಮ್ಮಿ ಕರಾ ಕಳಕೊಂಡಂಗ ಒದರ್ತೈತಲ್ಲೋ, ಮೇವರ ಹಾಕು ಅದಕ್ಕ,” ಎನ್ನುತ್ತಿದ್ದಳು ಅಜ್ಜಿ. ವೋಲ್ಟೇಜು ಸರಿಯಾಯಿತೋ, ಎಮ್ಮೆ ಹೋಗಿ ಸೊಳ್ಳೆ.

ಮದುವೆ ಸೀಸನ್ನಿನಲ್ಲಿ ಕರೆಂಟು ಕುಗ್ಗದೆ ಎಲ್ಲಿಗೆ ಹೋದೀತು ಎಂದು ನೆಮ್ಮದಿಯಾಗಿ ಹೋದೆ. ಹೋದರೆ, ಮದುಮಗಳ ತಂದೆ ಇಡೀ ಮದುವೆಮನೆಗೆ ಸೇರಿ ಒಂದು ದೊಡ್ಡ ಜನರೇಟರ್ ತರಿಸಿಬಿಟ್ಟಿದ್ದರು. “ನಿಮ್ಮ ಸಲುವಾಗೇ ತರಿಸೀನ್ರಿ. ವೋಲ್ಟೇಜ್ ಒಂಚೂರೂ ಅಳ್ಳಾಡೂದಿಲ್ಲ!”

ಮೊದಲ ಹಾಡಿಗೆ ನನ್ನ ಗಿಟಾರು ‘ಕುಂಯ್’ ಎಂದಿತು. ಮಾಸ್ತರರ ಬೆರಳು ಗುಂಡಿಯ ಕಡೆ ಸರಿಯಿತು. ನಾನು ವೇದಿಕೆ ಇಳಿದು ಅಡುಗೆ ಮಾಡುವಲ್ಲಿಗೆ ಓಡಿದೆ.

“ಅಕ್ಕಾರ, ಗ್ರೈಂಡರ್ ಎಲ್ಲಾ ಚಾಲೂ ಮಾಡ್ರಿ!”

ಅಡುಗೆಯಾಕೆ ಸೌಟು ಹಿಡಿದೇ ತಿರುಗಿದಳು. “ಚಟ್ನಿ ರುಬ್ಬಿ ಮುಗದೈತಿ. ಇನ್ನೇನ್ ನಿನ್ನ ತಲಿ ರುಬ್ಬಲಿ?”

“ಅದನ್ನ ಇನ್ನೊಮ್ಮಿ ರುಬ್ರಿ. ನನ್ನ ಹೊಟ್ಟಿಪಾಡು ಐತ್ರಿ ಅದರಾಗ.”

“ಚಟ್ನ್ಯಾಗ?”

“ಹೂನ್ರಿ.”

ಮೇಲಿಂದ ಕೆಳಗೆ ನನ್ನನ್ನು ನೋಡಿ, ಹುಚ್ಚನ ಜೊತೆ ಮಾತೇಕೆ ಎಂದೋ ಏನೋ, ಗ್ರೈಂಡರುಗಳನ್ನೆಲ್ಲ ಚಾಲೂ ಮಾಡಿದಳು. ಅಲ್ಲಿಂದ ಹೆಣ್ಣುಮಕ್ಕಳ ಕೋಣೆಗೆ ಓಡಿದೆ. ಕೈಮುಗಿದು, ಇಸ್ತ್ರಿಯಾದ ಸೀರೆಗಳಿಗೇ ಮತ್ತೆ ಇಸ್ತ್ರಿ ಹಾಕಿಸಿದೆ. ಸಿಕ್ಕ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಇಳಿಬಿಟ್ಟೆ.

“ಯಾರಿಗೋ ಜಳಕಾ?” ಎಂದಳು ಒಬ್ಬ ಮುದುಕಿ.

“ಗಿಟಾರಿಗ್ರಿ ಆಯೀ,” ಎಂದು ವೇದಿಕೆಗೆ ಓಡಿದೆ.

ದೀಪಗಳು ಕೆಂಪಾದವು, ಫ್ಯಾನುಗಳು ಆಕಳಿಸಿದವು. ತಂತಿ ಮೀಟಿದೆ. ಎಮ್ಮೆ ಬಂತು! ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಎದ್ದೇ ನಿಂತರು. ಅದೇ ಹೊತ್ತಿಗೆ ಮಾಸ್ತರರ ಕೀಬೋರ್ಡ್ ಆರಿತು. ಹತ್ತಿತು, ಮತ್ತೆ ಆರಿತು. ಹಾಡು ಇನ್ನೂ ಅರ್ಧಕ್ಕಿತ್ತು.

“ನಡಸಪಾ, ಬಿಡಬ್ಯಾಡ!” ಎಂದು ಮಾಸ್ತರರು ಚಪ್ಪಾಳೆ ತಟ್ಟುತ್ತ ನಿಂತರು. ಮದುಮಗಳ ತಂದೆ, “ಬೆಂಕಿ ಹತ್ತೀತು, ಬಂದ್ ಮಾಡ್ರಿ!” ಎಂದು ಓಡಿ ಬಂದರು. ಬಾಸಿಂಗ ಸರಿಮಾಡಿಕೊಳ್ಳುತ್ತ ಮದುಮಗಳೇ ಅಂದಳು: “ಅಪ್ಪಾ, ಹಾಡು ಮುಗೀಲಿ ತಡಿ.”

ಮುಂದಿನ ವಾರ ಕಾರಟಗಿಗೆ ಹೊರಟಾಗ ನನ್ನ ಆಂಪ್ಲಿಫೈಯರನ್ನು ಮಾಸ್ತರರೇ ಎತ್ತಿ ಗಾಡಿಯಲ್ಲಿಟ್ಟರು. “ಜನರೇಟರ್ ಸಣ್ಣದ ತರಸ್ರಿ ಅಂತ ಮದುವಿ ಮನಿಯವರಿಗೆ ಹೇಳೀನಿ,” ಎಂದರು. ಅವರ ಬಗಲಲ್ಲಿ ಹಾರ್ಮೋನಿಯಂ ಇತ್ತು.