ನಿಂತ ಪಟ್ಟಿಗೂ ರೊಕ್ಕವೇ?

ಕಳೆದ ವಾರ ಇಂಡಿಯಲ್ಲಿ ಒಬ್ಬ ಅಧ್ಯಕ್ಷರನ್ನು ಕುರ್ಚಿಯಿಂದ ಎಬ್ಬಿಸಿದೆ. ಗಾಬರಿಯಾಗಬೇಡಿ, ನಾನು ರಾಜಕೀಯಕ್ಕೆ ಇಳಿದಿಲ್ಲ. ಕುರ್ಚಿ ನನ್ನದೇ ಆಗಿತ್ತು.

ಸಿಂದಗಿಯಲ್ಲಿ ನನ್ನದೊಂದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇದೆ. ಒಂದು ಹರಕು ತಾಡಪತ್ರಿಯಿಂದ ಶುರು ಮಾಡಿದವನು, ಇವತ್ತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ನಾಲ್ಕು ತಾಲ್ಲೂಕಿಗೆ ಸಾಮಾನು ಕಳಿಸುತ್ತೇನೆ. (ಚೌಕಾಸಿ ಬಾರದಿದ್ದರೆ ಇನ್ನೂ ಆ ತಾಡಪತ್ರಿಯ ಕೆಳಗೇ ಇರುತ್ತಿದ್ದೆ.)

ಯಾವ ಊರಿಗೆ ಏನು ಹೋಗಬೇಕೆಂದು ನೋಡಲು ಈಚೆಗೆ ಮೊಬೈಲ್ ಆ್ಯಪ್ ಒಂದನ್ನು ಮಾಡಿಸಿದೆ. ಮಾಡಿಕೊಟ್ಟವಳು ನಾಲತವಾಡದ ಶ್ರೀದೇವಿ, ನನ್ನ ಗೆಳೆಯನ ಮಗಳು. ಎಡಕ್ಕೆ ಸಾಮಾನಿನ ಹೆಸರು, ಪಕ್ಕದಲ್ಲಿ ನಾಲ್ಕು ಊರಿಗೆ ನಾಲ್ಕು ಕಾಲಂ. ದರ ಮಾತಾಡುವಾಗ ಅವಳು ಹೇಳಿದಳು:

"ಕಾಕಾ, ಟೇಬಲ್ ಉದ್ದ ಐತ್ರಿ. ಮ್ಯಾಲೊಂದು ಪಟ್ಟಿ ಕೂಡಸ್ತೇನಿ. ಊರ ಹೆಸರು, ಹುಡುಕೋ ಬಟನ್, ಸೇವ್ ಬಟನ್ ಎಲ್ಲಾ ಅದರಾಗ. ಟೇಬಲ್ ಎಷ್ಟ ಸರದ್ರೂ ಪಟ್ಟಿ ಅಲ್ಲೇ ನಿಂತಿರತೈತಿ. ಅದಕ್ಕ ಸ್ವಲ್ಪ ಜಾಸ್ತಿ ಆಕ್ಕೈತ್ರಿ."

"ಸರಿಯೋದಕ್ಕ ಕೇಳು, ಕೊಡತೇನಿ. ಸುಮ್ನ ನಿಂದ್ರೋದಕ್ಕೂ ರೊಕ್ಕಾ ಏನವ್ವಾ?"

ಪಟ್ಟಿ ತೆಗೆಸಿದೆ. ಊರ ಹೆಸರುಗಳು ಟೇಬಲ್ಲಿನ ಮೊದಲ ಸಾಲಾಗಿ ಉಳಿದವು. ಗೆದ್ದೆ ಎಂದುಕೊಂಡೆ.

ಆಮೇಲೆ ಒಂದು ಸಂಜೆ ಎರಡು ಟೆಂಪೋ ತುಂಬಬೇಕಿತ್ತು. ಒಂದು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಮದುವೆಗೆ, ಇನ್ನೊಂದು ಇಂಡಿಯ ನಿಂಬೆ ಬೆಳೆಗಾರರ ಸಭೆಗೆ. ಜಮಖಾನೆ, ಕೊಳಗದ ತನಕ ಎಲ್ಲ ಸರಿ ಹೋಯಿತು. ಟೇಬಲ್ ಸರಿಸುತ್ತ ಕೆಳಗೆ ಬಂದಂತೆ ಊರ ಹೆಸರುಗಳು ಮೇಲೆ ಹೋಗಿ ಮಾಯ! ಉಳಿದದ್ದು ಬರೀ ಗೆರೆ, ಅಂಕಿ. ಹೆಸರು ನೋಡಲು ಮೇಲೆ ಹೋದರೆ ಕೆಳಗಿನ ಸಾಲು ತಪ್ಪುತ್ತಿತ್ತು, ಸಾಲು ಹುಡುಕುತ್ತ ಕೆಳಗೆ ಬಂದರೆ ಯಾವ ಹೆಸರು ಎಲ್ಲಿತ್ತೆಂಬುದು ಮರೆಯುತ್ತಿತ್ತು. ಅವತ್ತು ಅಂಕಿ ಇದ್ದದ್ದು ಎರಡೇ ಕಾಲಮ್ಮಿನಲ್ಲಿ. ಅಂಗಡಿ ಇರುವ ಊರೇ ಮೊದಲು ಇರಬೇಕಲ್ಲವೇ? ಮೊದಲನೆಯದು ಸಿಂದಗಿ ಎಂದು ಸಾಮಾನು ಏರಿಸಿದೆ. (ಶ್ರೀದೇವಿ ಅಕ್ಷರಮಾಲೆಯ ಪ್ರಕಾರ ಬರೆದಿದ್ದಳು. ಇಂಡಿ ಮೊದಲು, ಸಿಂದಗಿ ಕೊನೆಗೆ.)

ಡ್ರೈವರ್ ಮೆಹಬೂಬ ತಲೆ ಕೆರೆದುಕೊಂಡ. "ಸಾಹುಕಾರ್ರ, ಸಭಾಕ್ಕ ಮದುಮಕ್ಕಳ ಮಖಮಲ್ ಕುರ್ಚಿ ಯಾಕ್ರಿ?"

"ಆ್ಯಪ್ ನಿನಗಿಂತ ಶಾಣ್ಯಾ ಐತಿ. ಏರಸು."

ಮರುದಿನ ಬೆಳಿಗ್ಗೆ ಕನ್ನೊಳ್ಳಿಯಿಂದ ಮದುಮಗಳ ತಂದೆ ಶಿವಪ್ಪಗೌಡರ ಫೋನ್. "ಏನ್ರಿ ಸಾಹುಕಾರ್ರ, ಭಾಷಣದ ಡಯಾಸ್ ಕಳಿಸೀರಿ? ನಮ್ಮ ಅಳಿಯ ಸ್ವಾಗತ ಭಾಷಣ ಮಾಡಬೇಕೇನು? ಬೀಗರು ನಗಾಕತ್ತಾರ. ಹನ್ನೆರಡೂವರಿಗೆ ಅಕ್ಕಿಕಾಳಿನ ಮುಹೂರ್ತ. ಅಷ್ಟರಾಗ ಕುರ್ಚಿ ಬರಲಿಲ್ಲಂದ್ರ ಈ ಊರಾಗ ಯಾರೂ ನಿಮ್ಮ ಶಾಮಿಯಾನಾ ಹಾಕಸಾಂಗಿಲ್ಲ, ನೋಡ್ರಿ!"

ನನ್ನ ಹತ್ತಿರ ಇರುವುದು ಒಂದೇ ಜೋಡಿ ಮಖಮಲ್ ಕುರ್ಚಿ. ಮೆಹಬೂಬನ ಟೆಂಪೋ ಹತ್ತಿ ಇಂಡಿಗೆ ಓಡಿದೆ. ವೇದಿಕೆಯ ಮೇಲೆ ಆ ಕೆಂಪು ಜೋಡಿಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿ. ಇಬ್ಬರ ಬೆನ್ನ ಹಿಂದೆಯೂ ಜರಿಯ ನವಿಲು. ಅಧ್ಯಕ್ಷರ ಕಿವಿಯಲ್ಲಿ ವಿಷಯ ಹೇಳಿದೆ.

"ಏಳಾಂಗಿಲ್ರಿ," ಎಂದರು. "ಸಭಾದಾಗ ಅಧ್ಯಕ್ಷ ಕುರ್ಚಿ ಬಿಟ್ಟು ಎದ್ರ ಜನ ಏನ್ ತಿಳಕೊಂತಾರ? ಮುಂದಿನ ಸಾಲಿನ್ಯಾಗ ಕುಂತಾವ್ರು ಅದನ್ನ ಕಾಯಾಕತ್ತಾರ. ಅಲ್ಲದ, ನನ್ನ ಲಗ್ನದಾಗ ನಾ ಚಾಪಿ ಮ್ಯಾಲ ಕುಂತಾಂವ. ಇಂಥಾದು ಈಗ ಸಿಕ್ಕೈತಿ!"

ಪ್ಲಾಸ್ಟಿಕ್ ಕುರ್ಚಿ ಕೊಡುತ್ತೇನೆಂದೆ. ಒಂದರ ಮೇಲೊಂದು ಎರಡು ಇಡುತ್ತೇನೆ, ಎತ್ತರ ಆಗುತ್ತದೆ ಎಂದೆ. ಮುಂದಿನ ಸಭೆಗೆ ಶಾಮಿಯಾನ ಪುಕ್ಕಟೆ ಎಂದೆ. ಕಾರ್ಯದರ್ಶಿ ತಟ್ಟನೆ ಎದ್ದು ನಿಂತರು. ಅಧ್ಯಕ್ಷರು ಅಲ್ಲಾಡಲಿಲ್ಲ.

ಕೊನೆಗೆ ಮೈಕ್ ಹಿಡಿದೆ. "ಕನ್ನೊಳ್ಳಿಯ ಹೆಣ್ಣುಮಗಳೊಬ್ಬಳ ಮದುವಿ ಚಂದಾಗಿ ಆಗಲಿ ಅಂತ ನಮ್ಮ ಅಧ್ಯಕ್ಷರು ತಾವು ಕುಂತ ಕುರ್ಚೀನ ಬಿಟ್ಟು ಕೊಡಾಕತ್ತಾರ!"

ಚಪ್ಪಾಳೆಯೋ ಚಪ್ಪಾಳೆ. ಅಷ್ಟು ಚಪ್ಪಾಳೆಯಲ್ಲಿ ಕುಳಿತೇ ಇರಲು ಯಾರಿಗೆ ಸಾಧ್ಯ? ಅಧ್ಯಕ್ಷರು ಕೈ ಮುಗಿಯುತ್ತ ಎದ್ದರು. ಮೆಹಬೂಬ ಹಿಂದಿನಿಂದ ಕುರ್ಚಿ ಎಳೆದುಕೊಂಡ. ಕೂರಲು ಕುರ್ಚಿ ಇಲ್ಲ, ಒರಗಲು ಡಯಾಸ್ ಇಲ್ಲ. ಭಾಷಣ ಬೇಗ ಮುಗಿಯಿತು. ಟೆಂಪೋ ಹತ್ತುವಾಗ ಒಬ್ಬ ಹಿರಿಯರು ಓಡಿ ಬಂದು ನನ್ನ ಕೈ ಹಿಡಿದರು: "ಮುಂದಿನ ಸಲಾನೂ ಕುರ್ಚಿ ಒಯ್ಯಾಕ ಬರ್ರಿ, ಸಾಹುಕಾರ್ರ."

ಅಕ್ಕಿಕಾಳು ಬೀಳುವ ಮೊದಲೇ ಜೋಡಿ ಕುರ್ಚಿ ಕನ್ನೊಳ್ಳಿಯ ವೇದಿಕೆ ಏರಿತು. ಗೌಡರು ಬೈಯುತ್ತಲೇ ಊಟಕ್ಕೆ ಕೂಡಿಸಿದರು.

ಅದಕ್ಕೇ ಆ್ಯಪ್ ಮಾಡಿಸುವವರಿಗೆ ಹೇಳುತ್ತೇನೆ. ಟೇಬಲ್ ಸರಿಯಲಿ, ಮೇಲಿನ ಪಟ್ಟಿ ಸರಿಯಬಾರದು. ಅದನ್ನು ಟೇಬಲ್ಲಿನ ಒಳಗೆ ಸೇರಿಸದೆ ಹೊರಗೆ, ನೆತ್ತಿಯ ಮೇಲೆ ಕೂಡಿಸಲು ಹೇಳಿ. ತೆಳ್ಳಗಿರಲಿ. ಅರ್ಧ ಪರದೆಯನ್ನು ಅದೇ ತಿಂದರೆ ಸಾಮಾನು ಎಲ್ಲಿ ನೋಡುವುದು?

ಊಟ ಮುಗಿಸಿ ಶ್ರೀದೇವಿಗೆ ಫೋನ್ ಮಾಡಿದೆ. "ಆ ಪಟ್ಟಿ ಕೂಡಸವ್ವಾ. ಪುಕ್ಕಟೆ ಹೌದಲ್ಲ?"

"ಕಾಕಾ, ನೀವು ಶಾಮಿಯಾನದ ಕಂಬಕ್ಕ ಬಾಡಗಿ ತಗೋತೀರಲ್ರಿ? ಅವೂ ಸುಮ್ನ ನಿಂತಿರತಾವಲ್ಲ?"

ಕೇಳಿದಷ್ಟಕ್ಕೆ ಒಪ್ಪಿದೆ, ಆದರೆ ಇದನ್ನು ಓದಿ ಕಂಬದ ಬಾಡಿಗೆ ಇಳಿಸಿ ಎಂದು ನೀವ್ಯಾರೂ ಅಂಗಡಿಗೆ ಬರಬೇಡಿ.