ಬೀಗ ರಿಪೇರಿಯವನ ಗುಮಾನಿ

ಊರಿನವರ ಬೀಗಗಳನ್ನೆಲ್ಲ ತೆರೆದುಕೊಡುವ ನಮ್ಮ ಮಹಡಿಯ ಬಾಡಿಗೆದಾರ ತನ್ನ ಮನೆಯೊಳಗೆ ಯಾವುದನ್ನೂ ನಂಬುವುದಿಲ್ಲ. ಏಕೆಂದರೆ ಅವನು ಪ್ರೀತಿಸಿ ಮದುವೆಯಾದ ಹೆಂಡತಿ ಎದುರು ಪಕ್ಷದವಳು. ಆಕೆ ಸುಮ್ಮನೆ ಹಾಡು ಗುನುಗಿದರೂ ತನ್ನ ಪಕ್ಷದ ಮಂತ್ರಿ ಯಾರೋ ಸಿಕ್ಕಿಬಿದ್ದಿರಬೇಕೆಂದು ಓಡಿಹೋಗಿ ರೇಡಿಯೋ ಹಾಕುತ್ತಾನೆ. ಚಹಾ ತುಸು ತೆಳ್ಳಗಾದರೆ ಕಿಟಕಿಯಿಂದ ಬಗ್ಗಿ ನನಗೆ ದೂರು ಕೊಡುತ್ತಾನೆ: “ನೋಡಿ ಸಾರ್, ನಿನ್ನೆ ನಗರಸಭೆಲಿ ನಮ್ಮವರು ಗೆದ್ರಲ್ಲ, ಅದಕ್ಕೇ ಇವತ್ತು ಹಾಲು ಕಮ್ಮಿ.” ಒಳಗಿನಿಂದ ಉತ್ತರ ಬರುತ್ತದೆ: “ನಿಮ್ಮವರು ಬಂದ್ಮೇಲೆ ಹಾಲಿನ ರೇಟು ಎಷ್ಟಾಗಿದೆ, ಅದನ್ನೂ ಹೇಳಿ ಅವರಿಗೆ.” ಕೈಹಿಡಿದವರು ಒಬ್ಬರನ್ನೊಬ್ಬರು ಬೇಹುಗಾರರಂತೆ ಕಾಯುವುದು ಯಾವ ಸಂಸಾರದ ಲಕ್ಷಣವೆಂದು ನಾನು ಅನೇಕ ಬಾರಿ ಖಂಡಿಸಿದ್ದೇನೆ; ಪ್ರಯೋಜನವಾಗಿಲ್ಲ. ಮತದಾನದ ದಿನ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುವುದು ಕೂಡ ಪರಸ್ಪರ ಕಾವಲಿಗಾಗಿಯೇ. ಈ ಸಲ ಆಕೆಗೆ ಆ ದಿನವೇ ಜ್ವರ ಬಂದಿತು. ಇದರಲ್ಲೂ ಏನೋ ಮಸಲತ್ತಿದೆಯೆಂದು ಅವನು ಮತ್ತೆ ಮತ್ತೆ ಥರ್ಮಾಮೀಟರ್ ಇಟ್ಟು ನೋಡಿದನಂತೆ. ಮತಗಟ್ಟೆ ಮುಚ್ಚಿದ ಮೇಲೆ ಆರೋಗ್ಯ ವಿಚಾರಿಸಲು ನಾನು ಮಹಡಿ ಹತ್ತಿದೆ. ಅವನು ಆಕೆಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ. ಒಂದು ಚುನಾವಣೆಯನ್ನೂ ತಪ್ಪಿಸದ ಆ ಮನುಷ್ಯನ ಬೆರಳಿನಲ್ಲಿ ಶಾಯಿಯ ಗುರುತಿರಲಿಲ್ಲ. ಕಾರಣ ಕೇಳಿದ್ದಕ್ಕೆ ಮುಖ ತಿರುಗಿಸಿ, “ಇವಳು ಮಲಗಿರೋವಾಗ ನಾನೊಬ್ಬನೇ ಹೋಗಿ ಹಾಕಿಬಂದ್ರೆ ಮೋಸ ಅಲ್ವಾ ಸಾರ್?” ಎಂದ. ಆಕೆ ಕಣ್ಣು ತೆರೆಯದೆ, “ನಂಬಬೇಡಿ ಸಾರ್, ಇನ್ನೊಂದು ಕೈನೂ ನೋಡಿ” ಎಂದಳು. ಅವನು ಎರಡೂ ಕೈಗಳನ್ನು ಆಕೆಯ ಮುಂದೆಯೇ ಚಾಚಿದ. ಆಕೆ ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದಳು; ನೋಡಿಯಾದ ಮೇಲೂ ಬಿಡಲಿಲ್ಲ.